ಜಂಪರ್ ಕಾರ್ಡು ತಾನಾಗಿ ಬಾಯಿ ಬಿಡುವುದಿಲ್ಲ: ಹಳೆಯ ಸರ್ವರ್‌ನಲ್ಲಿ ಐಎಸ್‌ಎ ಮತ್ತು ಪಿಸಿಐ ಕಾರ್ಡುಗಳನ್ನು ಹೊಂದಿಸುವುದು

ಪ್ರಶ್ನೆ: ನಮ್ಮ ಪ್ರಯೋಗಾಲಯದಲ್ಲಿ ಪೆಂಟಿಯಂ 2 ಕಾಲದ ಒಂದು ಸರ್ವರ್ ಇದೆ. ಒಂದೇ ಪ್ರೊಸೆಸರ್, ಲಿನಕ್ಸ್ ನಡೆಯುತ್ತದೆ. ಅದರ ಐಎಸ್‌ಎ ಸ್ಲಾಟ್‌ನಲ್ಲಿ (ಕಾರ್ಡು ಕೂರಿಸುವ ಹಳೆಯ ಬಗೆಯ ಜಾಗ) ಎಂಟು ಪೋರ್ಟ್‌ಗಳ ಸೀರಿಯಲ್ ಕಾರ್ಡ್ ಇದೆ. ವಿಳಾಸ 100, ಐಆರ್‌ಕ್ಯೂ (ಕಾರ್ಡು ಪ್ರೊಸೆಸರನ್ನು ಕರೆಯುವ ತಂತಿಯ ಸಂಖ್ಯೆ) 10. ಅಳತೆಯ ಉಪಕರಣಗಳೆಲ್ಲ ಅದಕ್ಕೇ ಸೇರಿವೆ. ವರ್ಷಗಳಿಂದ ಸರಿಯಾಗಿ ನಡೆಯುತ್ತಿತ್ತು. ಈಚೆಗೆ ಇನ್ನೊಂದು ಐಎಸ್‌ಎ ಸ್ಲಾಟ್‌ಗೆ ಎನ್‌ಇ2000 ಮಾದರಿಯ ನೆಟ್‌ವರ್ಕ್ ಕಾರ್ಡ್ ಹಾಕಿದೆ. ಅದರ ವಿಳಾಸ 300, ಐಆರ್‌ಕ್ಯೂ 3. ಜೊತೆಗೆ ಟೇಪ್ ಡ್ರೈವ್‌ಗೆಂದು ಒಂದು ಪಿಸಿಐ (ಐಎಸ್‌ಎ ನಂತರದ ಬಗೆ) ಸ್ಕಸಿ ಕಾರ್ಡನ್ನೂ (ಡಿಸ್ಕ್, ಟೇಪ್ ಜೋಡಿಸುವ ಕಾರ್ಡು) ಹಾಕಿದೆ. ಈಗ ನೆಟ್‌ವರ್ಕ್ ಕಾರ್ಡ್ ಸಿಕ್ಕಿತು ಅನ್ನುತ್ತದೆ, ಆದರೆ ಸಂಪರ್ಕ ಇಲ್ಲ. ಸೀರಿಯಲ್ ಪೋರ್ಟ್‌ಗಳಿಂದ ಬರುವ ಮಾಹಿತಿ ತುಂಡು ತುಂಡಾಗಿದೆ. ಬೂಟ್ ಆಗುವಾಗ ಸ್ಕಸಿ ಕಾರ್ಡಿನ ಸಂದೇಶ ಕಾಣುವುದಿಲ್ಲ. ಕಾರ್ಡುಗಳ ಜಂಪರ್‌ಗಳನ್ನೆಲ್ಲ (ವಿಳಾಸ, ಐಆರ್‌ಕ್ಯೂ ಆರಿಸುವ ಪುಟ್ಟ ಕೊಂಡಿಗಳು) ಬದಲಿಸಿ ನೋಡಿದೆ, ತೊಂದರೆ ಇನ್ನೊಂದು ಕಡೆ ಏಳುತ್ತದೆ. ಈ ಯಂತ್ರವನ್ನು ಬಿಡುವಂತಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಜಂಪರ್‌ಗಳನ್ನು ನೀವು ಬರೆದಿರುವ ಹಳೆಯ ಜಾಗಕ್ಕೇ ತನ್ನಿ. ಸೀರಿಯಲ್ ಕಾರ್ಡು 100 ಮತ್ತು 10, ನೆಟ್‌ವರ್ಕ್ ಕಾರ್ಡು 300 ಮತ್ತು 3. ಅಲ್ಲಿಂದ ಶುರು ಮಾಡೋಣ. ನಿಮ್ಮ ಪತ್ರ ಓದಿದರೆ ಕಾರ್ಡುಗಳು ಕೆಟ್ಟಿವೆ ಅಂತ ನನಗೆ ಅನ್ನಿಸುವುದಿಲ್ಲ. ನೀವು ಹೇಳಿದ ಮೂರು ತೊಂದರೆಗಳಿಗೆ ಮೂರು ಬೇರೆ ಕಾರಣಗಳಿವೆ. ಒಟ್ಟಿಗೆ ಕಾಣಿಸಿಕೊಂಡದ್ದರಿಂದ ಒಂದೇ ರೋಗದ ಹಾಗೆ ಕಾಣುತ್ತಿವೆ, ಅಷ್ಟೇ.

ಒಂದು ವಿಷಯ ಮನಸ್ಸಿನಲ್ಲಿ ಕೂತರೆ ಉಳಿದದ್ದೆಲ್ಲ ಸುಲಭ. ಪಿಸಿಐ ಕಾರ್ಡಿಗೆ ಬಾಯಿ ಇದೆ. ಬೂಟ್ ಆಗುವಾಗ ಬಯೋಸ್ (ಯಂತ್ರವನ್ನು ಎಬ್ಬಿಸುವ ಮದರ್‌ಬೋರ್ಡಿನ ಪ್ರೋಗ್ರಾಂ) ಪ್ರತಿ ಸ್ಲಾಟ್‌ಗೂ ಹೋಗಿ "ನೀನು ಯಾರು, ನಿನಗೆ ಏನೇನು ಬೇಕು" ಎಂದು ಕೇಳುತ್ತದೆ. ಕಾರ್ಡು ಉತ್ತರ ಕೊಡುತ್ತದೆ, ಬಯೋಸ್ ಹಂಚುತ್ತದೆ. ಜಂಪರ್ ಇರುವ ಐಎಸ್‌ಎ ಕಾರ್ಡಿಗೆ ಆ ಬಾಯಿ ಇಲ್ಲ. ಅದು ಅಲ್ಲಿದೆ ಎಂಬುದೇ ಬಯೋಸ್‌ಗೆ ಗೊತ್ತಿಲ್ಲ. ನೀವು ಜಂಪರ್‌ನಲ್ಲಿ 10 ಎಂದು ಇಟ್ಟದ್ದು ನಿಮಗೂ ಕಾರ್ಡಿಗೂ ಮಾತ್ರ ಗೊತ್ತಿರುವ ಗುಟ್ಟು. ಆ ಗುಟ್ಟನ್ನು ಬಯೋಸ್‌ಗೂ ಲಿನಕ್ಸ್ ಡ್ರೈವರ್‌ಗೂ ನೀವೇ ಹೇಳಬೇಕು. ಹೇಳದಿದ್ದರೆ ಆ ಜಾಗ ಖಾಲಿ ಇದೆ ಅಂದುಕೊಂಡು ಬಯೋಸ್ ಅದನ್ನು ಬೇರೆಯವರಿಗೆ ಕೊಟ್ಟುಬಿಡುತ್ತದೆ.

ನಿಮ್ಮ ಸೀರಿಯಲ್ ಕಾರ್ಡಿಗೆ ಆಗಿರುವುದು ಬಹುಮಟ್ಟಿಗೆ ಇದೇ. ಇಷ್ಟು ವರ್ಷ 10ನ್ನು ಬೇರೆ ಯಾವ ಕಾರ್ಡೂ ಕೇಳಿರಲಿಲ್ಲ. ಸ್ಕಸಿ ಕಾರ್ಡು ಬಂತು, ಒಂದು ಐಆರ್‌ಕ್ಯೂ ಕೇಳಿತು, ಬಯೋಸ್ 10 ಕೊಟ್ಟಿತು. ಖಚಿತ ಮಾಡಿಕೊಳ್ಳುವುದು ಸುಲಭ. ಲಿನಕ್ಸ್‌ನಲ್ಲಿ ಎಲ್‌ಎಸ್‌ಪಿಸಿಐ ಆದೇಶವನ್ನು ವಿವರವಾದ ರೂಪದಲ್ಲಿ ಓಡಿಸಿ, ಸ್ಕಸಿ ಕಾರ್ಡಿನ ಎದುರು ಯಾವ ಐಆರ್‌ಕ್ಯೂ ಇದೆ ನೋಡಿ. 10 ಎಂದಿದ್ದರೆ ಕಳ್ಳ ಸಿಕ್ಕಿದ ಹಾಗೆ.

ಪಿಸಿಐ ಕಾರ್ಡುಗಳು ಒಂದೇ ಐಆರ್‌ಕ್ಯೂ ಹಂಚಿಕೊಳ್ಳುತ್ತವಲ್ಲ, ಇದು ಯಾಕೆ ಆಗುವುದಿಲ್ಲ ಎಂದು ನೀವು ಕೇಳಬಹುದು. ಕರೆಯುವ ರೀತಿಯೇ ಬೇರೆ. ಪಿಸಿಐ ಕಾರ್ಡು ತನ್ನ ಕೆಲಸ ಮುಗಿಯುವವರೆಗೂ ತಂತಿಯನ್ನು ಕೆಳಗೆ ಎಳೆದು ಹಿಡಿದಿರುತ್ತದೆ. ಒಂದು ಕಾರ್ಡಿನ ಕೆಲಸ ಮುಗಿದರೂ ಇನ್ನೊಂದು ಎಳೆದೇ ಇರುತ್ತದೆ. ಹಾಗಾಗಿ ಯಾರ ಕರೆಯೂ ಕಳೆದುಹೋಗುವುದಿಲ್ಲ. ಐಎಸ್‌ಎ ಕಾರ್ಡಿನದು ಹಾಗಲ್ಲ. ತಂತಿ ಕೆಳಗಿನಿಂದ ಮೇಲಕ್ಕೆ ಏರಿದ ಆ ಕ್ಷಣವನ್ನು ಮಾತ್ರ ಯಂತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಒಂದು ಕಾರ್ಡು ಆಗಲೇ ತಂತಿಯನ್ನು ಮೇಲೆ ಹಿಡಿದಿದ್ದಾಗ ಇನ್ನೊಂದು ಕರೆದರೆ ಹೊಸದಾಗಿ ಏರಲು ಏನೂ ಉಳಿದಿಲ್ಲ. ಆ ಕರೆ ಹೋಯಿತು. ಇನ್ನು 10ನ್ನು ಪಿಸಿಐಗೆ ಕೊಟ್ಟಾಗ ಬಯೋಸ್ ಆ ದಾರಿಯನ್ನು ಪಿಸಿಐ ರೀತಿಗೆ ತಿರುಗಿಸಿಬಿಡುತ್ತದೆ. ಅದೇ ದಾರಿಯಲ್ಲಿ ಬರುವ ಐಎಸ್‌ಎ ಕಾರ್ಡಿನ ಕರೆಯನ್ನು ಮತ್ತೆ ನಂಬುವಂತಿಲ್ಲ. ನಿಮ್ಮ ಮಾಹಿತಿ ತುಂಡು ತುಂಡಾಗುತ್ತಿರುವುದು ಇದರಿಂದ.

ನೆಟ್‌ವರ್ಕ್ ಕಾರ್ಡಿನ ಕಥೆ ಬೇರೆ. ಅದು "ಸಿಕ್ಕಿತು" ಎಂದಿತು, ಸಂಪರ್ಕ ಮಾತ್ರ ಇಲ್ಲ ಅಂದಿರಿ. ನನಗೆ ಇದು ತುಂಬಾ ಉಪಯೋಗದ ಸುಳಿವು. ಡ್ರೈವರ್ ಕಾರ್ಡನ್ನು ಹುಡುಕಿ ಅದರ ಹಾರ್ಡ್‌ವೇರ್ ವಿಳಾಸವನ್ನು ಸರಿಯಾಗಿ ಓದಿದೆ ಎಂದರೆ 300 ಎಂಬ ಪೋರ್ಟ್ ವಿಳಾಸ ಸರಿ ಇದೆ. ಓದಿದ ಮೇಲೆ ಏನೂ ಬರುತ್ತಿಲ್ಲ ಎಂದರೆ ಐಆರ್‌ಕ್ಯೂ ತಪ್ಪಿದೆ. ಈ ಒಂದು ನಿಯಮ ನನ್ನ ಎಷ್ಟೋ ಗಂಟೆಗಳನ್ನು ಉಳಿಸಿದೆ. ನಿಮ್ಮ ಕಾರ್ಡು 3ರಲ್ಲಿದೆ. ಮದರ್‌ಬೋರ್ಡಿನ ಎರಡನೇ ಸೀರಿಯಲ್ ಪೋರ್ಟ್ ಕೂಡ ಹುಟ್ಟಿನಿಂದ 3ರಲ್ಲೇ ಇರುತ್ತದೆ. ಎನ್‌ಇ2000 ಮಾದರಿಯ ಎಷ್ಟೋ ಕಾರ್ಡುಗಳು ಕಾರ್ಖಾನೆಯಿಂದ 300 ಮತ್ತು 3 ಎಂದೇ ಬರುತ್ತಿದ್ದವು. ಹಾಗಾಗಿ ಈ ಜಗಳ ಬಹಳ ಹಳೆಯದು.

ಈಗ ಒಂದು ಹಾಳೆ ತೆಗೆದುಕೊಳ್ಳಿ. ನಿಜವಾದ ಹಾಳೆ, ಪೆನ್ಸಿಲ್ ಜೊತೆ. ಸೊನ್ನೆಯಿಂದ 15ರವರೆಗೆ ಬರೆಯಿರಿ. 0 ಟೈಮರ್, 1 ಕೀಬೋರ್ಡ್. 2 ಎರಡನೇ ನಿಯಂತ್ರಕಕ್ಕೆ ಹೋಗುವ ಕೊಂಡಿ, ಅದು ಯಾರಿಗೂ ಸಿಗುವುದಿಲ್ಲ. 3 ಮತ್ತು 4 ಮದರ್‌ಬೋರ್ಡಿನ ಸೀರಿಯಲ್ ಪೋರ್ಟ್‌ಗಳು. 6 ಫ್ಲಾಪಿ, 7 ಪ್ರಿಂಟರ್ ಪೋರ್ಟ್, 8 ಗಡಿಯಾರ. 12 ಪಿಎಸ್2 ಮೌಸ್, 13 ಗಣಿತದ ಘಟಕ, 14 ಮತ್ತು 15 ಐಡಿಇ ಡಿಸ್ಕ್‌ಗಳು. ಉಳಿದದ್ದು 5, 9, 10, 11. ನಾಲ್ಕೇ ನಾಲ್ಕು! ಇದರಲ್ಲೂ 9ರ ಬಗ್ಗೆ ಹುಷಾರು. ಎಸಿಪಿಐ ಇರುವ ಯಂತ್ರಗಳಲ್ಲಿ ವಿದ್ಯುತ್ ನಿರ್ವಹಣೆಯ ಸಂದೇಶಗಳು ಸಾಮಾನ್ಯವಾಗಿ 9ರಲ್ಲೇ ಬರುತ್ತವೆ. ಹಳೆಯ 8 ಬಿಟ್ ಕಾರ್ಡಿನ ಜಂಪರ್‌ನಲ್ಲಿ "2" ಎಂದು ಬರೆದಿದ್ದರೆ ಈ ಯಂತ್ರದಲ್ಲಿ ಅದು ನಿಜಕ್ಕೂ 9 ಎಂಬುದೂ ನೆನಪಿರಲಿ.

ಹಾಗಾಗಿ ನನ್ನ ಸಲಹೆ ಇದು. ಸೀರಿಯಲ್ ಕಾರ್ಡನ್ನು ಮುಟ್ಟಬೇಡಿ, 10ರಲ್ಲೇ ಇರಲಿ. ಇಷ್ಟು ವರ್ಷ ದುಡಿದ ವ್ಯವಸ್ಥೆ ಅದು, ನಿಮ್ಮ ಉಪಕರಣಗಳ ಸಾಫ್ಟ್‌ವೇರ್ ಕೂಡ ಅದನ್ನೇ ನಂಬಿರುತ್ತದೆ. ನೆಟ್‌ವರ್ಕ್ ಕಾರ್ಡನ್ನು 5ಕ್ಕೆ ಹಾಕಿ. 5 ಎರಡನೇ ಪ್ರಿಂಟರ್ ಪೋರ್ಟ್‌ಗೆಂದು ಇಟ್ಟ ಜಾಗ, ಆಮೇಲೆ ಸೌಂಡ್ ಕಾರ್ಡುಗಳೂ ಅಲ್ಲಿ ಕೂರುತ್ತಿದ್ದವು. ನಿಮ್ಮ ಸರ್ವರ್‌ನಲ್ಲಿ ಅವೆರಡೂ ಇರುವುದಿಲ್ಲ ಅಲ್ವಾ? ನಂತರ ಬಯೋಸ್ ಸೆಟಪ್‌ಗೆ ಹೋಗಿ. ಪಿಸಿಐ ಮತ್ತು ಪ್ಲಗ್ ಅಂಡ್ ಪ್ಲೇ ಕುರಿತ ಪುಟದಲ್ಲಿ ಪ್ರತಿ ಐಆರ್‌ಕ್ಯೂ ಎದುರು ಒಂದು ಆಯ್ಕೆ ಇರುತ್ತದೆ. 5 ಮತ್ತು 10 ಎರಡನ್ನೂ "ಲೆಗಸಿ ಐಎಸ್‌ಎ" ಎಂದು ಬದಲಿಸಿ. ಕೆಲವು ಬಯೋಸ್‌ಗಳಲ್ಲಿ "ರಿಸರ್ವ್ಡ್" ಎಂದಿರುತ್ತದೆ, ಕೆಲಸ ಒಂದೇ. ಈ ಎರಡನ್ನು ಪಿಸಿಐಗೆ ಕೊಡಬೇಡ ಎಂದು ಹೇಳಿದ ಹಾಗೆ. ಆಗ ಸ್ಕಸಿ ಕಾರ್ಡಿಗೆ 11 ಸಿಗುತ್ತದೆ, ಇಲ್ಲವೇ ಬೇರೆ ಪಿಸಿಐ ಕಾರ್ಡಿನ ಜೊತೆ ಹಂಚಿಕೆಯಾಗುತ್ತದೆ. ಎರಡೂ ಸರಿ.

ಅದೇ ಪುಟದಲ್ಲಿ ಇನ್ನೆರಡು ಆಯ್ಕೆಗಳಿವೆ. "ಪ್ಲಗ್ ಅಂಡ್ ಪ್ಲೇ ಓಎಸ್" ಎಂಬುದನ್ನು "ನೋ" ಮಾಡಿ, ಆಗ ಹಂಚುವ ಕೆಲಸವನ್ನು ಬಯೋಸ್ ಪೂರ್ತಿಯಾಗಿ ತಾನೇ ಮಾಡುತ್ತದೆ. "ರೀಸೆಟ್ ಕಾನ್ಫಿಗರೇಶನ್ ಡೇಟಾ" ಎಂಬುದನ್ನು ಒಮ್ಮೆ "ಯೆಸ್" ಮಾಡಿ ಉಳಿಸಿ. ಬಯೋಸ್ ಹಿಂದಿನ ಹಂಚಿಕೆಯನ್ನು ನೆನಪಿಟ್ಟುಕೊಂಡಿರುತ್ತದೆ, ಸಾಧ್ಯವಾದಷ್ಟೂ ಅದನ್ನೇ ಮತ್ತೆ ಬಳಸುತ್ತದೆ. ಆ ಹಳೆಯ ಲೆಕ್ಕ ಅಳಿಸದಿದ್ದರೆ ನೀವು ಮಾಡಿದ ಬದಲಾವಣೆ ಹತ್ತಿದ ಹಾಗೆ ಕಾಣುವುದಿಲ್ಲ. ಜಂಪರ್ ಬದಲಿಸಿದಾಗಲೆಲ್ಲ ತೊಂದರೆ ಬೇರೆ ಕಡೆ ಎದ್ದದ್ದರಲ್ಲಿ ಇದರ ಪಾಲೂ ಇರಬಹುದು.

ಎರಡು ಪ್ರೊಸೆಸರ್‌ಗಳ ಸರ್ವರ್ ಇರುವವರಿಗೆ ಒಂದು ಮಾತು. ಆ ಯಂತ್ರಗಳಲ್ಲಿ ಎಪಿಐಸಿ ಎಂಬ ಹೊಸ ನಿಯಂತ್ರಕ ಇರುತ್ತದೆ. ಸಾಮಾನ್ಯವಾಗಿ ಅದಕ್ಕೆ 24 ದಾರಿಗಳು. ಲಿನಕ್ಸ್ ಅದನ್ನು ಬಳಸಿದಾಗ ಪಿಸಿಐ ಕಾರ್ಡುಗಳು 16ರಿಂದ ಮೇಲಿನ ಸಂಖ್ಯೆಗಳಿಗೆ ಹೋಗುತ್ತವೆ, ಐಎಸ್‌ಎ ಕಾರ್ಡುಗಳಿಗೆ ಕೆಳಗಿನ ಜಾಗ ನಿರಾಳ. ನಿಮಗೆ ಒಂದೇ ಪ್ರೊಸೆಸರ್ ಇರುವುದರಿಂದ ಆ ಅನುಕೂಲ ಇಲ್ಲ ಅಂದುಕೊಂಡೇ ಬರೆಯುತ್ತಿದ್ದೇನೆ.

ಇನ್ನು ಪೋರ್ಟ್ ವಿಳಾಸ. ನಿಮ್ಮ 100 ಮತ್ತು 300 ಎರಡೂ ಸರಿಯಾಗಿವೆ, ಬದಲಿಸಬೇಡಿ. ಆದರೂ ನೀವು ಜಂಪರ್‌ಗಳನ್ನು ಸುಮ್ನೆ ಬದಲಿಸಿ ನೋಡಿದೆ ಅಂದದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇಲ್ಲಿ ಬೀಳುವವರು ಬಹಳ ಜನ.

ಜಂಪರ್‌ನಲ್ಲಿ ಬರೆದಿರುವುದು ಆರಂಭದ ವಿಳಾಸ ಮಾತ್ರ. ಕಾರ್ಡು ಅಲ್ಲಿಂದ ಎಷ್ಟು ದೂರ ಕಾಲು ಚಾಚುತ್ತದೆ ಎಂಬುದು ಮುಖ್ಯ. ಎನ್‌ಇ2000 ಕಾರ್ಡು 32 ವಿಳಾಸಗಳನ್ನು ಹಿಡಿಯುತ್ತದೆ. ಇವೆಲ್ಲ ಹದಿನಾರರ ಎಣಿಕೆ (ಹೆಕ್ಸ್, 9ರ ನಂತರ ಎಯಿಂದ ಎಫ್ ವರೆಗೆ), ಹಾಗಾಗಿ 300ರಿಂದ 31ಎಫ್ ವರೆಗೆ ಅದರದ್ದು. ಅದನ್ನು 360ಕ್ಕೆ ಹಾಕಿದಿರಿ ಅನ್ನಿ. 360ರಿಂದ 37ಎಫ್ ವರೆಗೆ ಹೋಯಿತು. ಪ್ರಿಂಟರ್ ಪೋರ್ಟ್ ಇರುವುದು 378ರಲ್ಲಿ. ಜಂಪರ್ ಮೇಲಿನ ಸಂಖ್ಯೆಗಳು ಬೇರೆ ಬೇರೆ, ಜಾಗ ಮಾತ್ರ ಒಂದೇ. ನಿಮ್ಮ ಸೀರಿಯಲ್ ಕಾರ್ಡಿನಲ್ಲೂ ಹಾಗೆಯೇ. ಒಂದೊಂದು ಪೋರ್ಟ್‌ಗೆ 8 ವಿಳಾಸ, ಎಂಟು ಪೋರ್ಟ್‌ಗೆ 64. 100ರಿಂದ 13ಎಫ್ ವರೆಗೆ.

ನನಗೂ ಒಮ್ಮೆ ಇದರಿಂದ ಎರಡು ರಾತ್ರಿ ಹೋಗಿವೆ. ಐಎಸ್‌ಎ ಸ್ಕಸಿ ಕಾರ್ಡು 330ರಲ್ಲಿ, ನೆಟ್‌ವರ್ಕ್ ಕಾರ್ಡು 320ರಲ್ಲಿ. ಹತ್ತಿರ ಹತ್ತಿರ ಇದ್ದರೂ ಬೇರೆ ತಾನೇ ಅಂದುಕೊಂಡೆ. ನೆಟ್‌ವರ್ಕ್ ಕಾರ್ಡಿನ ಕಾಲು 33ಎಫ್ ವರೆಗೆ ಚಾಚಿತ್ತು. ಯಂತ್ರ ಬೂಟ್ ಆಗುತ್ತಿತ್ತು, ಕೆಲಸವನ್ನೂ ಮಾಡುತ್ತಿತ್ತು. ನೆಟ್‌ವರ್ಕ್ ಮೇಲೆ ದೊಡ್ಡ ಫೈಲ್ ಬಂದಾಗ ಮಾತ್ರ ಡಿಸ್ಕ್ ನಿಂತುಬಿಡುತ್ತಿತ್ತು. ಕೇಬಲ್ ಬದಲಿಸಿದೆ, ಡಿಸ್ಕ್ ಬದಲಿಸಿದೆ. ಕೊನೆಗೆ ಹಾಳೆ ತೆಗೆದು ಪ್ರತಿ ಕಾರ್ಡಿನ ಮೊದಲ ಮತ್ತು ಕೊನೆಯ ವಿಳಾಸ ಬರೆದಾಗ ಎರಡೇ ನಿಮಿಷದಲ್ಲಿ ಗೊತ್ತಾಯಿತು. ಅದಕ್ಕೇ ಆ ಹಾಳೆಯ ವಿಷಯದಲ್ಲಿ ಇಷ್ಟು ಹಟ ಮಾಡುತ್ತಿದ್ದೇನೆ. 300 ಬೇಡವಾದರೆ 340 ಒಳ್ಳೆಯದು. 320 ಮತ್ತು 360 ಬೇಡ.

ಇನ್ನೂ ಒಂದು ಒಳಸುಳಿ ಇದೆ. ಹಳೆಯ ಐಎಸ್‌ಎ ಕಾರ್ಡುಗಳು ವಿಳಾಸದ ಕೆಳಗಿನ 10 ಬಿಟ್‌ಗಳನ್ನು ಮಾತ್ರ ನೋಡುತ್ತವೆ. ಮೇಲಿನದನ್ನು ಗಮನಿಸುವುದೇ ಇಲ್ಲ. ಹಾಗಾಗಿ 300ರಲ್ಲಿರುವ ಕಾರ್ಡು 700 ಎಂದು ಕರೆದರೂ ಓಗೊಡುತ್ತದೆ, ಬಿ00 ಎಂದರೂ ಓಗೊಡುತ್ತದೆ. ಆ ಕಾಲದಲ್ಲಿ ನಾಲ್ಕನೇ ಸೀರಿಯಲ್ ಪೋರ್ಟ್ ಹಾಕಿದರೆ ಕೆಲವು ವಿಡಿಯೋ ಕಾರ್ಡುಗಳ ಜೊತೆ ತೊಂದರೆ ಬರುತ್ತಿದ್ದದ್ದು ಇದರಿಂದಲೇ. ಸೀರಿಯಲ್ ಪೋರ್ಟ್ 2ಇ8ರಲ್ಲಿ, ಐಬಿಎಂ 8514ಎ ಮಾದರಿಯ ವಿಡಿಯೋ ಕಾರ್ಡಿನ ಒಂದು ರಿಜಿಸ್ಟರ್ 42ಇ8ರಲ್ಲಿ. ಕೆಳಗಿನ 10 ಬಿಟ್ ನೋಡಿದರೆ ಎರಡೂ ಒಂದೇ. ನಿಮಗೆ ಈಗ ಇದು ಬೇಕಾಗಲಿಕ್ಕಿಲ್ಲ. ಆದರೆ ಹಾಳೆಯ ಮೇಲೆ ಎಲ್ಲ ಸರಿಯಿದ್ದೂ ಯಂತ್ರ ಹಟ ಹಿಡಿದರೆ ಇದನ್ನು ನೆನಪಿಸಿಕೊಳ್ಳಿ.

ಸ್ಕಸಿ ಕಾರ್ಡಿನ ಸಂದೇಶ ಕಾಣದಿರುವುದಕ್ಕೆ ಬನ್ನಿ. ಅದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಆ ಸಂದೇಶ ಬರುವುದು ಕಾರ್ಡಿನೊಳಗಿನ ಪುಟ್ಟ ರಾಮ್ ಪ್ರೋಗ್ರಾಂನಿಂದ. ಓದಲು ಮಾತ್ರ ಬರುವ ರಾಮ್ ಅದು, ಮೆಮೊರಿಯ ರ್‍ಯಾಮ್ ಅಲ್ಲ. ಆ ಪ್ರೋಗ್ರಾಂ ಬೇಕಾಗುವುದು ಸ್ಕಸಿ ಡಿಸ್ಕ್‌ನಿಂದ ಬೂಟ್ ಮಾಡುವಾಗ. ನಿಮ್ಮದು ಟೇಪ್ ಡ್ರೈವ್. ಲಿನಕ್ಸ್ ತನ್ನ ಡ್ರೈವರ್ ಮೂಲಕ ಕಾರ್ಡನ್ನು ನೇರವಾಗಿ ಹುಡುಕಿಕೊಳ್ಳುತ್ತದೆ. ಎಲ್‌ಎಸ್‌ಪಿಸಿಐ ಪಟ್ಟಿಯಲ್ಲಿ ಕಾರ್ಡು ಇದೆಯೇ ನೋಡಿ. ಇದ್ದರೆ ಸಾಕು.

ಆದರೂ ಕಾರಣ ತಿಳಿದಿರಲಿ. ಇಂಥ ಪ್ರೋಗ್ರಾಂಗಳಿಗೆಲ್ಲ ಇರುವ ಜಾಗ ಮೊದಲ ಒಂದು ಮೆಗಾಬೈಟ್‌ನ ಮೇಲ್ತುದಿಯಲ್ಲಿ ಒಂದು ಚಿಕ್ಕ ಪಟ್ಟಿ. ಸಿ0000ದಿಂದ ಡಿಎಫ್ಎಫ್ಎಫ್ಎಫ್ ವರೆಗೆ, 128 ಕಿಲೋಬೈಟ್. ಅದರಲ್ಲಿ ಮೊದಲ 32 ಕಿಲೋಬೈಟ್ ಸಾಮಾನ್ಯವಾಗಿ ವಿಡಿಯೋ ಕಾರ್ಡಿಗೇ ಹೋಗುತ್ತದೆ. ನೆಟ್‌ವರ್ಕ್ ಕಾರ್ಡಿನ ಬೂಟ್ ರಾಮ್ ನಡುವೆ ಎಲ್ಲೋ ಕೂತರೆ ಸ್ಕಸಿ ಕಾರ್ಡಿಗೆ ಒಟ್ಟಾಗಿ ಸಿಗುವ ಜಾಗ ಸಾಲದೆ ಹೋಗಬಹುದು. ನೆಟ್‌ವರ್ಕ್‌ನಿಂದ ಬೂಟ್ ಮಾಡುವುದಿಲ್ಲ ಎಂದಾದರೆ ಆ ಕಾರ್ಡಿನ ಬೂಟ್ ರಾಮ್ ಜಂಪರನ್ನು ಆಫ್ ಮಾಡಿ. ಚಿಪ್ ಕೂರಿಸುವ ಸಾಕೆಟ್ ಖಾಲಿ ಇದ್ದರೂ ಆಫ್ ಮಾಡಿ. ಸ್ಕಸಿ ಕಾರ್ಡಿನ ಸೆಟಪ್‌ನಲ್ಲಿ ಅದರ ಬಯೋಸ್ ಅನ್ನು ಯಾರೋ ಆಫ್ ಮಾಡಿದ್ದರೂ ಸಂದೇಶ ಬರುವುದಿಲ್ಲ. ಟೇಪ್ ಕಾಣದಿದ್ದರೆ ಮಾತ್ರ ಕೇಬಲ್ ಕಡೆ ನೋಡಿ. ಟರ್ಮಿನೇಟರ್ (ಸಂಕೇತ ತುದಿಯಿಂದ ಮರಳದಂತೆ ತಡೆಯುವ ಭಾಗ) ಸರಣಿಯ ಎರಡೂ ತುದಿಯಲ್ಲಿ ಇರಬೇಕು, ನಡುವೆ ಇರಬಾರದು. ಕಾರ್ಡಿನ ಐಡಿ ಸಾಮಾನ್ಯವಾಗಿ 7, ಟೇಪ್‌ಗೆ ಬೇರೆ ಸಂಖ್ಯೆ ಇರಲಿ.

ಲಿನಕ್ಸ್‌ಗೆ ಹೇಳುವ ಕೆಲಸ ಇನ್ನೂ ಉಳಿದಿದೆ. ನೆಟ್‌ವರ್ಕ್ ಡ್ರೈವರ್‌ಗೆ ವಿಳಾಸವನ್ನೂ ಐಆರ್‌ಕ್ಯೂ ಅನ್ನೂ ನೀವೇ ಕೊಡಿ. ಹುಡುಕಿಕೋ ಎಂದು ಬಿಡಬೇಡಿ. ಹುಡುಕುವಾಗ ಡ್ರೈವರ್ ಒಂದೊಂದೇ ವಿಳಾಸದ ಬಾಗಿಲು ತಟ್ಟುತ್ತದೆ. ಅಲ್ಲಿ ಬೇರೆ ಕಾರ್ಡು ಇದ್ದರೆ ಅದು ಗಲಿಬಿಲಿಯಾಗಿ ಯಂತ್ರವೇ ನಿಂತುಹೋಗಬಹುದು. ಸೀರಿಯಲ್ ಪೋರ್ಟ್‌ಗಳಿಗೆ ಸೆಟ್‌ಸೀರಿಯಲ್ ಎಂಬ ಆದೇಶ ಇದೆ, ಅದರಲ್ಲಿ ಪ್ರತಿ ಪೋರ್ಟ್‌ನ ವಿಳಾಸ ಮತ್ತು ಐಆರ್‌ಕ್ಯೂ ಸರಿಯಿದೆಯೇ ನೋಡಿ. ಆಮೇಲೆ ಪ್ರೋಕ್ ಫೋಲ್ಡರ್ ಒಳಗಿನ ಇಂಟರಪ್ಟ್ (ಐಆರ್‌ಕ್ಯೂ ಕರೆಗಳ) ಪಟ್ಟಿ ತೆರೆಯಿರಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆರೆಯಿರಿ. 5ರ ಎದುರಿನ ಎಣಿಕೆ ಏರುತ್ತಿದ್ದರೆ ನೆಟ್‌ವರ್ಕ್ ಕಾರ್ಡಿನ ಕರೆ ತಲುಪುತ್ತಿದೆ. ಸೊನ್ನೆಯಲ್ಲೇ ನಿಂತಿದ್ದರೆ ಜಂಪರ್ ಒಂದು ಹೇಳುತ್ತಿದೆ, ಡ್ರೈವರ್ ಇನ್ನೊಂದು ಕೇಳುತ್ತಿದೆ.

ಇಷ್ಟಾದ ಮೇಲೂ ಸೀರಿಯಲ್ ಮಾಹಿತಿಯಲ್ಲಿ ಆಗೊಮ್ಮೆ ಈಗೊಮ್ಮೆ ಒಂದೊಂದು ಅಕ್ಷರ ತಪ್ಪಿಹೋದರೆ ಅದು ಐಆರ್‌ಕ್ಯೂ ಜಗಳ ಅಲ್ಲ. ಕಾರ್ಡಿನ ಮೇಲಿನ ಚಿಪ್ ನೋಡಿ. 16450 ಆದರೆ ಅದರಲ್ಲಿ ಬಂದ ಒಂದೇ ಅಕ್ಷರ ಕಾಯಬಲ್ಲದು. ಸೆಕೆಂಡಿಗೆ 1,15,200 ಬಿಟ್ ವೇಗದಲ್ಲಿ ಒಂದು ಅಕ್ಷರಕ್ಕೂ ಇನ್ನೊಂದಕ್ಕೂ ನಡುವೆ ಇರುವುದು ಸುಮಾರು 87 ಮೈಕ್ರೋಸೆಕೆಂಡ್. ಅಷ್ಟರಲ್ಲಿ ಪ್ರೊಸೆಸರ್ ಬಂದು ಎತ್ತಿಕೊಳ್ಳದಿದ್ದರೆ ಹಳೆಯದರ ಮೇಲೆ ಹೊಸದು ಬೀಳುತ್ತದೆ. ಎನ್‌ಇ2000 ಕಾರ್ಡು ಪ್ರತಿ ಪ್ಯಾಕೆಟ್ ಅನ್ನೂ ಪ್ರೊಸೆಸರ್ ಕೈಯಲ್ಲೇ ಹೊರಿಸುತ್ತದೆ. ಹಾಗಾಗಿ ಅದು ಬಂದ ಮೇಲೆ ಈ ತೊಂದರೆ ಜಾಸ್ತಿಯಾಗಬಹುದು. 16550ಎ ಚಿಪ್‌ನಲ್ಲಿ 16 ಅಕ್ಷರಗಳ ಸಾಲು ಕಾಯುತ್ತದೆ. ನಿಮ್ಮದು 16450 ಆಗಿದ್ದರೆ ಉಪಕರಣಗಳ ವೇಗವನ್ನು 9,600ಕ್ಕೆ ಇಳಿಸಿ, ಆಗ ಒಂದು ಅಕ್ಷರಕ್ಕೆ ಒಂದು ಮಿಲಿಸೆಕೆಂಡ್‌ಗಿಂತ ಸ್ವಲ್ಪ ಜಾಸ್ತಿ ಸಮಯ ಸಿಗುತ್ತದೆ.

ನನ್ನನ್ನು ಕೇಳಿದರೆ ಆ ಐಎಸ್‌ಎ ನೆಟ್‌ವರ್ಕ್ ಕಾರ್ಡನ್ನೇ ತೆಗೆದು ಒಂದು ಪಿಸಿಐ ನೆಟ್‌ವರ್ಕ್ ಕಾರ್ಡು ಹಾಕುವುದು ಒಳ್ಳೆಯದು. ಐಎಸ್‌ಎ ಕಾರ್ಡಿನ ವೇಗ 10 ಮೆಗಾಬಿಟ್, ಜೊತೆಗೆ ಒಂದು ಐಆರ್‌ಕ್ಯೂ ಅನ್ನು ಒಬ್ಬಂಟಿಯಾಗಿ ತಿನ್ನುತ್ತದೆ. ಸೀರಿಯಲ್ ಕಾರ್ಡಿಗೆ ಬದಲಿ ಸಿಗುವುದು ಕಷ್ಟ, ನೆಟ್‌ವರ್ಕ್ ಕಾರ್ಡಿಗೆ ಹಾಗಲ್ಲ. ಪಿಸಿಐ ಕಾರ್ಡು ಆರಿಸುವಾಗ ಅಂಚಿನ ಕಚ್ಚು ನೋಡಿ. 5 ವೋಲ್ಟ್ ಸ್ಲಾಟ್‌ಗೆ ಒಂದು ಕಡೆ, 3.3 ವೋಲ್ಟ್‌ಗೆ ಇನ್ನೊಂದು ಕಡೆ ಕಚ್ಚು ಇರುತ್ತದೆ, ಎರಡೂ ಇದ್ದರೆ ಎರಡಕ್ಕೂ ಆಗುತ್ತದೆ. ಕೂರದಿದ್ದರೆ ಬಲವಂತ ಬೇಡ. ನಿಮ್ಮಲ್ಲಿ 66 ಮೆಗಾಹರ್ಟ್ಸ್ ಪಿಸಿಐ ಸ್ಲಾಟ್‌ಗಳಿದ್ದರೆ 33ರ ಕಾರ್ಡನ್ನು ಅವುಗಳ ಜೊತೆ ಸೇರಿಸಬೇಡಿ, ಆ ಬಸ್ಸಿನ ಎಲ್ಲ ಕಾರ್ಡುಗಳೂ 33ಕ್ಕೆ ಇಳಿಯುತ್ತವೆ. ಪಿಸಿಐನಲ್ಲಿ ಜಂಪರ್ ಇಲ್ಲದಿದ್ದರೂ ಸ್ಲಾಟ್ ಬದಲಿಸಿದರೆ ಐಆರ್‌ಕ್ಯೂ ಬದಲಾಗಬಹುದು. ಎರಡು ಪಿಸಿಐ ಕಾರ್ಡುಗಳ ನಡುವೆ ಹೊಂದಾಣಿಕೆ ಆಗದಿದ್ದರೆ ಮೊದಲು ಅದನ್ನೇ ಮಾಡಿ.

ಕೆಲಸಕ್ಕೆ ಇಳಿಯುವ ಮುಂಚೆ ವಿದ್ಯುತ್ ತಂತಿಯನ್ನು ಕಿತ್ತುಬಿಡಿ. ಎರಡು ಪವರ್ ಸಪ್ಲೈ ಇದ್ದರೆ ಎರಡನ್ನೂ. ಬಟನ್ ಒತ್ತಿ ಆರಿಸಿದರೂ ಎಟಿಎಕ್ಸ್ ಬೋರ್ಡಿನಲ್ಲಿ 5 ವೋಲ್ಟ್ ಉಳಿದಿರುತ್ತದೆ. ಮುಟ್ಟುವ ಮುಂಚೆ ಕೇಸಿನ ಲೋಹ ಮುಟ್ಟಿ, ಮೈಯ ಸ್ಥಿರ ವಿದ್ಯುತ್ ಇಳಿಯಲಿ. ಕಾರ್ಡಿನ ಚಿನ್ನದ ಅಂಚು ಮಂಕಾಗಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ. ಒರಟು ರಬ್ಬರಿನಿಂದ ತಿಕ್ಕಬೇಡಿ, ಚಿನ್ನದ ಲೇಪ ಬಹಳ ತೆಳು. ಮೊದಲು ಸೀರಿಯಲ್ ಕಾರ್ಡು ಒಂದನ್ನೇ ಇಟ್ಟು, ಬಯೋಸ್‌ನಲ್ಲಿ 5 ಮತ್ತು 10 ಕಾದಿರಿಸಿ ಬೂಟ್ ಮಾಡಿ. ಉಪಕರಣಗಳು ಸರಿಯಾದರೆ ಸ್ಕಸಿ ಕಾರ್ಡು ಹಾಕಿ, ಅದಕ್ಕೆ 10 ಸಿಗಲಿಲ್ಲ ಎಂದು ನೋಡಿಕೊಳ್ಳಿ. ನೆಟ್‌ವರ್ಕ್ ಕಾರ್ಡು ಕೊನೆಗೆ. ಒಂದು ಸಲಕ್ಕೆ ಒಂದೇ ಬದಲಾವಣೆ.

ಕೊನೆಯದಾಗಿ, ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿಯನ್ನು ಈ ನೆಪದಲ್ಲೇ ಬದಲಿಸಿಬಿಡಿ. ಸಾಮಾನ್ಯವಾಗಿ ಅದು ಸಿಆರ್2032. ಅದು ಸತ್ತ ದಿನ ಬಯೋಸ್ ನೀವು ಕಾದಿರಿಸಿದ 5 ಮತ್ತು 10ನ್ನು ಮರೆತುಬಿಡುತ್ತದೆ, ಜಂಪರ್ ಮುಟ್ಟದಿದ್ದರೂ ಇದೇ ತೊಂದರೆ ಮತ್ತೆ ಎದುರು ನಿಲ್ಲುತ್ತದೆ. ನೀವು ಬರೆದ ಹಾಳೆಗೆ ತಾರೀಕು ಹಾಕಿ, ಬಯೋಸ್ ಆಯ್ಕೆಗಳನ್ನೂ ಅದರಲ್ಲೇ ಸೇರಿಸಿ, ಸರ್ವರ್ ಮುಚ್ಚಳದ ಒಳಬದಿಗೆ ಅಂಟಿಸಿ.